ಅಪವಾದಗಳ ಕಟ್ಟು

ಕನ್ನಡದಲ್ಲಿ ಅಪವಾದವೆಂಬ ಮಾತಿಗೆ ಎರಡು ಮುಖಗಳುಂಟು. ವೈಯಾಕರಣನ ಬಾಯಲ್ಲಿ ಅದು ನಿಯಮಕ್ಕೆ ಒಳಪಡದ ಪ್ರಸಂಗ. ನೆರೆಮನೆಯವರ ಬಾಯಲ್ಲಿ ಯಾರದೋ ತಲೆಗೆ ಕಟ್ಟಿದ ದೂರು. ಮೊದಲನೆಯದು ಪುಸ್ತಕದ ಮೂಲೆಯಲ್ಲಿ ನಿರಪಾಯವಾಗಿ ಬಿದ್ದುಕೊಂಡಿರುತ್ತದೆ. ಎರಡನೆಯದು ಸಂಸಾರಗಳ ನೆಮ್ಮದಿಯನ್ನು ಕೆಡಿಸುತ್ತದೆ. ಗಣಕಯಂತ್ರಕ್ಕೆ ಕೆಲಸ ಕಲಿಸುವವರ ಲೋಕದಲ್ಲಿ ಇವೆರಡರ ನಡುವೆ ಮೂರನೆಯ ಅರ್ಥವೊಂದು ಹುಟ್ಟಿಕೊಂಡಿದೆ. ಯಂತ್ರವು ತನಗೊಪ್ಪಿಸಿದ ಕೆಲಸವನ್ನು ಮಾಡಲಾರದೆ ನಿಂತು, "ಇಲ್ಲಿ ಹೀಗಾಯಿತು, ಮುಂದಿನದನ್ನು ನೀವು ನೋಡಿಕೊಳ್ಳಿ" ಎಂದು ಕೆಲಸ ಹೇಳಿದವರಿಗೆ ಕಳಿಸುವ ಸುದ್ದಿಗೆ ಅವರು ಅಪವಾದ, ದಿನಬಳಕೆಯ ಮಾತಿನಲ್ಲಿ ಎಕ್ಸೆಪ್ಷನ್, ಎನ್ನುತ್ತಾರೆ. ಅದರಲ್ಲಿ ನಿಂದೆಯಿಲ್ಲ, ನಾಚಿಕೆಯೂ ಇಲ್ಲ. ಇರುವುದು ಬರಿಯ ವರದಿ.

ವರದಿ ಒಂದೇ ಆಗಿದ್ದರೆ ಚಿಂತೆಯಿಲ್ಲ. ಅಪವಾದಗಳು ಗುಂಪು ಕಟ್ಟಿಕೊಂಡು ಬಂದಾಗ ಅವನ್ನು ಬರಮಾಡಿಕೊಳ್ಳುವುದು ಹೇಗೆ, ಬರಲಿರುವ ಗುಂಪು ಇಂಥದೇ ಎಂದು ಮುಂಚೆಯೇ ಪರೀಕ್ಷಿಸಿಟ್ಟುಕೊಳ್ಳುವುದು ಹೇಗೆ ಎಂಬುದು ಮಾತ್ರ ನುರಿತವರನ್ನೂ ಬಹುಕಾಲ ಕಾಡಿದ ಪ್ರಶ್ನೆ. ಒಣ ವಿಷಯವೆಂದು ವಾಚಕರು ಪುಟ ತಿರುವಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಒಂದು ಕುಟುಂಬದಲ್ಲಿ ಈ ಪ್ರಶ್ನೆ ವೃದ್ಧೆಯೊಬ್ಬಳ ಕಣ್ಣಿನವರೆಗೆ ಬಂದು ಮುಟ್ಟಿತು.

ಆ ಕುಟುಂಬ ನಾಲ್ಕು ಊರುಗಳಲ್ಲಿ ಹಂಚಿಹೋಗಿದೆ. ತಂದೆ ಹಾನಗಲ್ಲಿನ ಬಳಿ ಬತ್ತದ ಗದ್ದೆ ಮತ್ತು ಒಂದಿಷ್ಟು ಮಾವಿನ ಮರಗಳ ಒಡೆಯ. ಸೋದರಮಾವನಿಗೆ ಶಿಗ್ಗಾವಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಹಿರಿಯ ಮಗಳನ್ನು ಸವಣೂರಿನ ಎಲೆತೋಟದವರ ಮನೆಗೆ ಕೊಟ್ಟಿದೆ. ತಂದೆಯ ಅಕ್ಕ, ಮಕ್ಕಳಿಗೆ ಸೋದರತ್ತೆ, ಗಂಡನನ್ನು ಕಳೆದುಕೊಂಡ ಮೇಲೆ ಹಿರೇಕೆರೂರಿನ ಹಳೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಕಿರಿಯ ಮಗಳಿಗೆ ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಉದ್ಯೋಗ.

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯೊಳಗೇ ಈ ನಾಲ್ಕು ತಾಲ್ಲೂಕುಗಳೂ ಇವೆ. ಆದರೂ ಮಳೆರಾಯ ಅವನ್ನು ಸಮದೃಷ್ಟಿಯಿಂದ ಕಾಣುವುದಿಲ್ಲ. ಹಾನಗಲ್ಲು ಮಲೆನಾಡಿನ ಸೆರಗು ಹಿಡಿದು ನಿಂತ ಸೀಮೆ. ಸವಣೂರು ಬಯಲಿಗೆ ಒಲಿದದ್ದು. ಅಲ್ಲಿ ಕೊಡೆ ಮಡಿಸಲು ಬಿಡುವಿಲ್ಲದ ದಿನ ಇಲ್ಲಿ ಮೋಡ ನೋಡುತ್ತ ಕುಳಿತಿರುವುದುಂಟು. ಬರದ ಮೇಲೆ ಕಣ್ಣಿಡಲೆಂದು 1988ರಲ್ಲಿ ಆರಂಭವಾಗಿ, ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಕರೆಯಿಸಿಕೊಳ್ಳುವ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿಯೇ ತಾನಾಗಿ ಅಂಕಿ ಕಳಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಆದರೆ ತನ್ನ ಅಂಗಳದಲ್ಲಿ ಬಿದ್ದ ಮಳೆಯನ್ನು ತನ್ನ ಕೈಯಿಂದಲೇ ಅಳೆಯುವ ಸುಖ ಬೇರೆ. ತಂದೆ ನಾಲ್ಕು ಮನೆಗಳಿಗೂ ಒಂದೊಂದು ಮಾಪಕವನ್ನು ಕೊಡಿಸಿದರು. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಗಾಜಿನ ಅಳತೆಪಾತ್ರೆಯ ಗೆರೆಯನ್ನು ಓದಿ ಬರೆಯಬೇಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಲೆಕ್ಕ ಇಷ್ಟು ಸರಳವಾದ್ದರಿಂದ ನಾಲ್ಕು ಮನೆಗಳಲ್ಲಿಯೂ ಅದು ಕಾಫಿಯಷ್ಟೇ ಸಲೀಸಾಗಿ ನಿತ್ಯಕರ್ಮವಾಯಿತು.

ಈ ಅಂಕಿಗಳನ್ನು ಒಟ್ಟುಗೂಡಿಸುವ ಭಾರವನ್ನು ಕಿರಿಯ ಮಗಳು ಹೊತ್ತಳು. ನಾಲ್ವರೂ ತಂತಮ್ಮ ಮೊಬೈಲಿನ ಪಟ್ಟಿಯಲ್ಲಿ ಅಂಕಿಯನ್ನು ತುಂಬುತ್ತಾರೆ. ಒಂಬತ್ತು ಗಂಟೆಗೆ ಆಕೆ ಬರೆದ ಪುಟ್ಟ ಪ್ರೋಗ್ರಾಮು ನಾಲ್ಕು ಮನೆಗಳನ್ನೂ ಏಕಕಾಲದಲ್ಲಿ ವಿಚಾರಿಸಿ, ದಿನದ ಮಳೆಯನ್ನು ಒಂದು ಹಾಳೆಯಲ್ಲಿ ಬರೆದು, ಎಲ್ಲರಿಗೂ ಕಳಿಸುತ್ತದೆ. ಒಬ್ಬರಾದ ಮೇಲೆ ಒಬ್ಬರನ್ನು ಕೇಳುವ ಬದಲು ನಾಲ್ವರನ್ನೂ ಒಟ್ಟಿಗೆ ಕೇಳುವುದು ಗಣಕಯಂತ್ರಕ್ಕೆ ಕಷ್ಟವಲ್ಲ. ಕಷ್ಟ ಬರುವುದು ನಾಲ್ವರಲ್ಲಿ ಇಬ್ಬರೋ ಮೂವರೋ ಒಟ್ಟಿಗೆ ಕೈಕೊಟ್ಟಾಗ.

ಬಹುಕಾಲದವರೆಗೆ ಬಹುತೇಕ ಗಣಕಭಾಷೆಗಳಲ್ಲಿ ಒಂದು ಸಲಕ್ಕೆ ಒಂದೇ ಅಪವಾದ ಮೇಲೆದ್ದು ಬರಬಹುದೆಂಬ ಕಟ್ಟಳೆಯಿತ್ತು. ಶಿಗ್ಗಾವಿಯ ಸಂಪರ್ಕ ಕಡಿದು, ಸವಣೂರಿನ ಅಂಕಿ ಕೆಟ್ಟು, ಹಿರೇಕೆರೂರು ಸುಮ್ಮನಾದರೂ ಮೊದಲು ಕೂಗಿದವನ ದೂರು ಮಾತ್ರ ಮೇಲಿನವರಿಗೆ ಕೇಳಿಸುತ್ತಿತ್ತು. ಉಳಿದವು ದಾರಿಯಲ್ಲಿ ಕಳೆದುಹೋಗುತ್ತಿದ್ದವು, ಇಲ್ಲವೆ ಮೊದಲನೆಯದರ ಬಾಲ ಹಿಡಿದು ಬರುತ್ತಿದ್ದವು. ಮೂರು ಬೇನೆಗಳುಳ್ಳ ಗೃಹಿಣಿ ವೈದ್ಯರ ಮುಂದೆ ಕುಳಿತು ತಲೆನೋವೊಂದನ್ನು ಹೇಳಿ ಎದ್ದುಬಂದಂತೆ ಇದು. ಔಷಧಿಯೇನೋ ದೊರೆಯುತ್ತದೆ, ಬೇನೆ ಮಾತ್ರ ಮನೆಗೆ ಮರಳಿ ಬರುತ್ತದೆ.

ಈ ಕೊರತೆಯನ್ನು ಕೆಲವರು ಮೊದಲೇ ಕಂಡುಕೊಂಡಿದ್ದರು. ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್‌ನೆಟ್ 2010ರಲ್ಲಿಯೇ ಹಲವು ಅಪವಾದಗಳನ್ನು ಒಂದರಲ್ಲಿ ಸೇರಿಸಿ ಕೊಡುವ ಏರ್ಪಾಟನ್ನು ಮಾಡಿತು. 1991ರಲ್ಲಿ ಹೊರಬಂದು ಇಂದು ಶಾಲೆಯ ಹುಡುಗರಿಗೂ ಪರಿಚಿತವಾಗಿರುವ ಪೈಥಾನ್ ಎಂಬ ಭಾಷೆಯಲ್ಲಿ ಇದಕ್ಕೆ ಇನ್ನೂ ಕಾಲ ಹಿಡಿಯಿತು. 2021ರಲ್ಲಿ ಇರಿಟ್ ಕ್ಯಾಟ್ರಿಯೆಲ್, ಯೂರಿ ಸೆಲಿವಾನೊವ್ ಮತ್ತು ಆ ಭಾಷೆಯ ಜನಕ ಗೈಡೊ ವಾನ್ ರಾಸಮ್ ಸೇರಿ 654ನೆಯ ಸಂಖ್ಯೆಯ ಸಲಹಾಪತ್ರವೊಂದನ್ನು ಮುಂದಿಟ್ಟರು. ಅದರ ಫಲವಾಗಿ 2022ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.11ರಲ್ಲಿ ಎಕ್ಸೆಪ್ಷನ್ ಗ್ರೂಪ್, ಎಂದರೆ ಅಪವಾದಗಳ ಕಟ್ಟು, ಭಾಷೆಯೊಳಗೇ ಸ್ಥಾನ ಪಡೆಯಿತು. ಒಂದು ಕಟ್ಟಿನಲ್ಲಿ ಎಷ್ಟು ಅಪವಾದಗಳಾದರೂ ಇರಬಹುದು. ಕಟ್ಟಿನೊಳಗೆ ಇನ್ನೊಂದು ಕಟ್ಟೂ ಇರಬಹುದು. ಕಟ್ಟಿನಲ್ಲಿ ಕಟ್ಟಿದ್ದಷ್ಟೂ ಮೇಲಿನವರಿಗೆ ತಲುಪುತ್ತದೆ. ಮೊದಲ ತಪ್ಪು ಕಂಡೊಡನೆ ಉಳಿದ ಕೆಲಸಗಳನ್ನು ನಿಲ್ಲಿಸಿಬಿಡುವ ಕ್ರಮವೂ ಉಂಟು. ಮಗಳು ಹಾಗೆ ಮಾಡದೆ, ನಾಲ್ಕು ಮನೆಗಳ ಉತ್ತರವೂ ಬರುವವರೆಗೆ ಕಾದು, ಬಂದ ತಪ್ಪುಗಳನ್ನೆಲ್ಲ ಒಂದು ಕಟ್ಟಾಗಿ ಕಟ್ಟುವ ದಾರಿಯನ್ನು ಹಿಡಿದಳು. ಮನೆಯ ವ್ಯವಹಾರದಲ್ಲಿ ಒಬ್ಬರ ಮಾತನ್ನು ಕೇಳಿ ಉಳಿದವರ ಬಾಯಿ ಮುಚ್ಚಿಸುವುದು ಆಕೆಗೆ ಸರಿಯೆನಿಸಲಿಲ್ಲ.

ಇನ್ನು ಪರೀಕ್ಷೆಯ ಮಾತು. ಅಡಿಗೆ ಮಾಡುವವಳು ಸಾರಿನ ಒಂದು ಹನಿಯನ್ನು ಅಂಗೈಗೆ ಹಾಕಿಕೊಂಡು ಉಪ್ಪು ನೋಡುವಂತೆ, ತಂತ್ರಾಂಶ ಬರೆಯುವವರು ತಮ್ಮ ಕೃತಿಯ ಒಂದೊಂದು ಸಣ್ಣ ಭಾಗವನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತಾರೆ. ಇದಕ್ಕೆ ಘಟಕ ಪರೀಕ್ಷೆಯೆಂದು ಹೆಸರು. ಸರಿಯಾದ ಅಂಕಿ ಕೊಟ್ಟರೆ ಸರಿಯಾದ ಉತ್ತರ ಬರುವುದೇ ಎಂದು ನೋಡುವುದು ಒಂದು ಬಗೆ. ಕೆಟ್ಟ ಅಂಕಿ ಕೊಟ್ಟರೆ ತಕ್ಕ ಅಪವಾದ ಮೇಲೇಳುವುದೇ ಎಂದು ನೋಡುವುದು ಇನ್ನೊಂದು ಬಗೆ. ಈ ಎರಡನೆಯದರ ಸ್ವಾರಸ್ಯವೇ ಬೇರೆ; ಇಲ್ಲಿ ಸೋಲೇ ಗೆಲುವು. ಮನೆಯ ನಾಯಿಯನ್ನು ಪರೀಕ್ಷಿಸಲೆಂದು ಯಜಮಾನನೇ ಮುಸುಕು ಹಾಕಿಕೊಂಡು ರಾತ್ರಿ ಬೇಲಿ ಹಾರಿದಂತೆ: ನಾಯಿ ಬೊಗಳಿದರೆ ಪರೀಕ್ಷೆ ಗೆದ್ದಿತು, ಬಾಲವಾಡಿಸಿದರೆ ಸೋತಿತು.

ಆದರೆ ನಾಯಿ ಬೊಗಳಿದ ಮಾತ್ರಕ್ಕೆ ಕಳ್ಳನನ್ನು ಕಂಡೇ ಬೊಗಳಿತೆಂದು ಹೇಗೆ ನಂಬುವುದು? ಅದೇ ಕ್ಷಣದಲ್ಲಿ ಹಿತ್ತಲಿನಲ್ಲಿ ಬೆಕ್ಕೊಂದು ಹಾದುಹೋಗಿರಬಹುದು. ಮೂವರು ಕಳ್ಳರು ಬೇಲಿ ಹಾರಿದಾಗ ಒಬ್ಬನನ್ನು ಕಂಡು ಬೊಗಳಿ ಇಬ್ಬರನ್ನು ಒಳಗೆ ಬಿಟ್ಟಿರಲೂಬಹುದು. ಅಪವಾದಗಳ ಕಟ್ಟಿನ ಪರೀಕ್ಷೆಯಲ್ಲಿ ನುಸುಳುವ ಮೋಸ ಇದೇ. "ಒಂದು ಕಟ್ಟು ಬರಬೇಕು" ಎಂದಷ್ಟೇ ಹೇಳಿ ಕೈಬಿಟ್ಟರೆ, ಕಟ್ಟಿನೊಳಗೆ ಏನಿದ್ದರೂ ಪರೀಕ್ಷೆ ಗೆದ್ದಂತೆಯೇ. ನಿರೀಕ್ಷಿಸಿದ್ದು ಇಲ್ಲದಿದ್ದರೂ, ನಿರೀಕ್ಷಿಸದ್ದು ಸೇರಿಕೊಂಡಿದ್ದರೂ ಹಸಿರು ದೀಪ ಹತ್ತುತ್ತದೆ.

ಸವಣೂರಿನ ಎಲೆಯ ವ್ಯಾಪಾರವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀಳ್ಯದೆಲೆಯ ಕಟ್ಟನ್ನು ಕೊಳ್ಳುವ ಜಾಣ ಮೇಲಿನ ನಾಲ್ಕು ಎಲೆಗಳ ಹೊಳಪಿಗೆ ಮರುಳಾಗುವುದಿಲ್ಲ. ಕಟ್ಟನ್ನು ಸಡಿಲಿಸಿ, ಬೆರಳಿನಿಂದ ಎಲೆಗಳನ್ನು ಸರಿಸಿ, ನಡುವೆ ಕೊಳೆತದ್ದುಂಟೇ ಎಂದು ನೋಡುತ್ತಾನೆ. ಲೆಕ್ಕಕ್ಕೆ ಸರಿಯಾಗಿ ಇದೆಯೇ ಎಂದು ಎಣಿಸುತ್ತಾನೆ. ಒಂದು ಕೊಳೆತ ಎಲೆ ಮರುದಿನಕ್ಕೆ ನೆರೆಯ ಹತ್ತು ಎಲೆಗಳನ್ನು ಕೆಡಿಸುತ್ತದೆಂಬುದು ಅವನಿಗೆ ಗೊತ್ತು.

ಪೈಥಾನ್ ಬಳಸುವವರಲ್ಲಿ ಬಹು ಪ್ರಚಾರದಲ್ಲಿರುವ ಪೈಟೆಸ್ಟ್ ಎಂಬ ಪರೀಕ್ಷಾ ಸಾಧನವೂ ಎಲೆ ಕೊಳ್ಳುವವನ ಈ ವಿವೇಕವನ್ನು ಹಂತಹಂತವಾಗಿ ಕಲಿತುಕೊಂಡಿತು. 2024ರ ಆರಂಭದಲ್ಲಿ ಬಂದ ಅದರ 8.0 ಆವೃತ್ತಿಯಲ್ಲಿ "ಈ ಕಟ್ಟಿನಲ್ಲಿ ಇಂಥ ಅಪವಾದ ಇದೆಯೇ?" ಎಂದು ಕೇಳುವ ಅನುಕೂಲ ದೊರೆಯಿತು. ಅದು ಒಳ್ಳೆಯದೇ, ಆದರೆ ಕೇಳಿದ್ದು ಇದ್ದರೆ ಸಾಕು, ಬೇರೆ ಏನೇನಿದೆ ಎಂಬುದನ್ನು ಅದು ವಿಚಾರಿಸುವುದಿಲ್ಲ. 2025ರ ಜೂನಿನಲ್ಲಿ ಬಂದ 8.4 ಆವೃತ್ತಿ ರೈಸಸ್‌ಗ್ರೂಪ್ ಎಂಬ ಹೊಸ ಸಲಕರಣೆಯನ್ನು ತಂದಿತು. ಇದು ಬಿಗಿಯಾದ ಲೆಕ್ಕಿಗ. ಕಟ್ಟಿನಲ್ಲಿ ಯಾವ ಯಾವ ಜಾತಿಯ ಅಪವಾದಗಳು ಎಷ್ಟೆಷ್ಟು ಇರಬೇಕು, ಕಟ್ಟಿನೊಳಗಿನ ಕಟ್ಟು ಎಲ್ಲಿರಬೇಕು ಎಂಬುದನ್ನೆಲ್ಲ ಮೊದಲೇ ಹೇಳಬೇಕು. ಒಂದು ಹೆಚ್ಚಾದರೂ ಒಪ್ಪುವುದಿಲ್ಲ, ಒಂದು ಕಡಿಮೆಯಾದರೂ ಒಪ್ಪುವುದಿಲ್ಲ. ಬಂದ ಅನುಕ್ರಮದ ವಿಷಯದಲ್ಲಿ ಮಾತ್ರ ಅದು ಉದಾರಿ. ಏಕಕಾಲದಲ್ಲಿ ಓಡುವವರಲ್ಲಿ ಯಾರು ಮೊದಲು ಮುಗ್ಗರಿಸಿದರೆಂಬುದು ಆಕಸ್ಮಿಕ. ಯಾರು ಯಾರು ಮುಗ್ಗರಿಸಿದರೆಂಬುದು ಮುಖ್ಯ.

2025ರ ಮಳೆಗಾಲದಲ್ಲಿ ಮಗಳು ತನ್ನ ಹಳೆಯ ಪರೀಕ್ಷೆಗಳನ್ನು ಈ ಬಿಗಿ ಪದ್ಧತಿಗೆ ಬದಲಾಯಿಸಲು ಕುಳಿತಳು. ಕೃತಕವಾಗಿ ಒಂದು ಕೆಟ್ಟ ದಿನವನ್ನು ಸೃಷ್ಟಿಸಿದಳು. ಹಾನಗಲ್ಲಿನ ಅಂಕಿ ಸರಿಯಾಗಿದೆ. ಶಿಗ್ಗಾವಿಯ ಸಂಪರ್ಕವೇ ದೊರೆಯುತ್ತಿಲ್ಲ. ಸವಣೂರಿನಲ್ಲಿ ಅಂಕಿಯ ಬದಲು ಅಕ್ಷರಗಳು ಬಿದ್ದಿವೆ. ಹಿರೇಕೆರೂರಿನ ಮನೆ ಖಾಲಿ. ಎಂದ ಮೇಲೆ ಕಟ್ಟಿನಲ್ಲಿ ಮೂರು ಅಪವಾದಗಳಿರಬೇಕು: ಸಂಪರ್ಕದ ದೋಷ ಒಂದು, ಅಂಕಿಯ ದೋಷ ಎರಡು. ಹಳೆಯ ಪರೀಕ್ಷೆ "ಒಂದು ಕಟ್ಟು ಬರಲಿ" ಎಂದಷ್ಟೇ ಕೇಳುತ್ತಿತ್ತು. ತಿಂಗಳುಗಟ್ಟಲೆ ಪ್ರತಿಸಲವೂ ಗೆದ್ದಿತ್ತು. ಹೊಸ ಪರೀಕ್ಷೆ ಮೊದಲ ಸಲವೇ ಸೋತಿತು. ಮೂರು ಬರಬೇಕಾದಲ್ಲಿ ಎರಡೇ ಬಂದಿದ್ದವು.

ಕಾಣೆಯಾದದ್ದು ಹಿರೇಕೆರೂರು. ಹುಡುಕಿದಾಗ ಕಾರಣ ಒಂದೇ ಸಾಲಿನಲ್ಲಿ ದೊರೆಯಿತು. ಪಟ್ಟಿಯ ಮನೆ ಖಾಲಿಯಿದ್ದರೆ ಅದನ್ನು ಸೊನ್ನೆಯೆಂದು ಭಾವಿಸತಕ್ಕದ್ದು ಎಂಬ ಸುಲಭದ ರೂಢಿ ಆ ಸಾಲಿನಲ್ಲಿತ್ತು. ಪ್ರೋಗ್ರಾಮು ಬರೆಯುವವರಲ್ಲಿ ಹೀಗೆ ಬರೆಯುವ ವಾಡಿಕೆ ಬಹಳ. ಅಂಗಡಿಯ ಲೆಕ್ಕದಲ್ಲಿ ಖಾಲಿ ಮನೆಯನ್ನು ಸೊನ್ನೆಯೆಂದರೆ ಹೆಚ್ಚಿನ ಹಾನಿಯಿಲ್ಲ. ಮಳೆಯ ಲೆಕ್ಕದಲ್ಲಿ ಸೊನ್ನೆಯೆಂದರೆ "ಮಳೆ ಬರಲಿಲ್ಲ" ಎಂಬ ಸಾಕ್ಷ್ಯ. ಖಾಲಿಯೆಂದರೆ "ಯಾರೂ ಹೇಳಲಿಲ್ಲ" ಎಂಬ ಮೌನ. ಸಾಕ್ಷ್ಯಕ್ಕೂ ಮೌನಕ್ಕೂ ಇರುವ ಅಂತರವನ್ನು ಯಂತ್ರ ಒರೆಸಿಹಾಕಿತ್ತು. ಹವಾಮಾನವನ್ನು ಆಧರಿಸಿದ ಬೆಳೆವಿಮೆಯಲ್ಲಿ ರೈತನಿಗೆ ಸಲ್ಲುವ ಹಣ ಇಂಥ ಅಂಕಿಗಳನ್ನೇ ನೆಚ್ಚಿಕೊಂಡಿರುತ್ತದೆಂಬುದನ್ನು ನೆನೆದರೆ, ಅಂತರ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಇಂಥ ಒರೆಸಾಟಕ್ಕೆ ಜಗತ್ತು ತೆತ್ತ ಬೆಲೆಗೆ ಪ್ರಸಿದ್ಧವಾದ ನಿದರ್ಶನವೊಂದುಂಟು. 1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಯೂರೋಪಿನವರ ಆರಿಯಾನ್ 5 ರಾಕೆಟ್ಟು ಮೊದಲ ಬಾರಿಗೆ ಮೇಲೆದ್ದಿತು. ಸುಮಾರು 40 ಸೆಕೆಂಡುಗಳಲ್ಲಿ ಅದು ದಾರಿ ತಪ್ಪಿ ಆಕಾಶದಲ್ಲಿಯೇ ಛಿದ್ರವಾಯಿತು. ಅದರ ದಿಕ್ಕನ್ನು ಅಳೆಯುವ ಉಪಕರಣದಲ್ಲಿ ಹಿಂದಿನ ಆರಿಯಾನ್ 4ಕ್ಕಾಗಿ ಬರೆದ ತಂತ್ರಾಂಶವನ್ನೇ ಉಳಿಸಿಕೊಂಡಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚಾದ್ದರಿಂದ ಒಂದು ದೊಡ್ಡ ಸಂಖ್ಯೆ 16 ಬಿಟ್ಟುಗಳ ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಸದೆ ಅಪವಾದವೆದ್ದಿತು. ಅದನ್ನು ಹಿಡಿಯುವವರು ಯಾರೂ ಇರಲಿಲ್ಲ. ಆಪತ್ತಿಗೆಂದು ಇಟ್ಟಿದ್ದ ಎರಡನೆಯ ಉಪಕರಣವೂ ಅದೇ ತಂತ್ರಾಂಶದ್ದಾದ್ದರಿಂದ ಅದೇ ಕಾರಣಕ್ಕೆ, ಕಣ್ಣೆವೆ ಮುಚ್ಚಿ ತೆರೆಯುವಷ್ಟರ ಅಂತರದಲ್ಲಿ, ಸೋತಿತ್ತು. ಎಲ್ಲಕ್ಕಿಂತ ವಿಷಾದಕರವಾದ ಸಂಗತಿಯೆಂದರೆ, ಸೋತ ಉಪಕರಣ ಕಳಿಸಿದ ದೋಷದ ಸಂಕೇತವನ್ನು ಮುಖ್ಯ ಗಣಕಯಂತ್ರವು ನಿಜವಾದ ದಿಕ್ಕಿನ ಅಂಕಿಯೆಂದೇ ಓದಿಕೊಂಡು ರಾಕೆಟ್ಟನ್ನು ತಿರುಗಿಸಿತು. "ನನಗೆ ಕಾಣಿಸುತ್ತಿಲ್ಲ" ಎಂಬ ಕೂಗನ್ನು "ಎಡಕ್ಕೆ ತಿರುಗು" ಎಂದು ಕೇಳಿಸಿಕೊಂಡಂತಾಯಿತು. ಹೊಸ ರಾಕೆಟ್ಟಿನ ಪಥದ ಅಂಕಿಗಳನ್ನಿಟ್ಟು ಆ ಭಾಗವನ್ನು ಮುಂಚೆಯೇ ಪರೀಕ್ಷಿಸಿದ್ದರೆ ದೋಷ ನೆಲದ ಮೇಲೆಯೇ ಬಯಲಾಗುತ್ತಿತ್ತೆಂದು ವಿಚಾರಣೆ ನಡೆಸಿದ ಮಂಡಲಿ ಅಭಿಪ್ರಾಯಪಟ್ಟಿತು.

ಹಿರೇಕೆರೂರಿನ ಸೊನ್ನೆಗಳಿಂದ ಯಾವ ರಾಕೆಟ್ಟೂ ಬೀಳಲಿಲ್ಲ. ಆದರೂ ಮಗಳು ಪ್ರೋಗ್ರಾಮನ್ನು ತಿದ್ದಿದ ಮೇಲೆ ಸುಮ್ಮನಾಗದೆ ಹಿಂದಿನ ವಾರಗಳ ಪಟ್ಟಿಯನ್ನು ತೆರೆದು ನೋಡಿದಳು. ಅತ್ತೆಯ ಹೆಸರಿನ ಮುಂದೆ ನಿಂತಿದ್ದ ಸೊನ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸೊನ್ನೆಗಳೇ ಅಲ್ಲ. ಖಾಲಿ ಬಿಟ್ಟ ಮನೆಗಳು. ಅವು ಬಿದ್ದಿದ್ದ ದಿನಗಳನ್ನು ನೋಡಿದಾಗ ಇನ್ನೊಂದು ಸೋಜಿಗ ಕಂಡಿತು. ಉಳಿದ ಮೂರು ಊರುಗಳಲ್ಲಿಯೂ ಮಳೆ ಸುರಿದ ದಿನಗಳೇ ಅವು. ಬಿಸಿಲಿನ ದಿನ ಅತ್ತೆ ತಪ್ಪದೆ ಸೊನ್ನೆ ಬರೆದಿದ್ದಾಳೆ; ಮಳೆಯ ದಿನ ಏನನ್ನೂ ಬರೆದಿಲ್ಲ.

ತಂದೆ ದೂರವಾಣಿಯಲ್ಲಿ ಕೇಳಿದರು. "ಅಕ್ಕಾ, ಮಳೀ ಬಂದ ದಿನಾನ ಯಾಕ ಬರಿಯಂಗಿಲ್ಲ ನೀ?" ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವಿರಲಿಲ್ಲ. ಆಮೇಲೆ ಸತ್ಯ ಹೊರಬಂದಿತು. ಮೋಡ ಮುಸುಕಿದ ಬೆಳಗಿನಲ್ಲಿ ಅಳತೆಪಾತ್ರೆಯ ಸಣ್ಣ ಗೆರೆಗಳು ಆಕೆಗೆ ಕಾಣಿಸುತ್ತಿರಲಿಲ್ಲ. ಪಾತ್ರೆಯಲ್ಲಿ ನೀರಿಲ್ಲದ ದಿನ ಬೆರಳಾಡಿಸಿ ತಿಳಿಯಬಹುದು. ನೀರಿದ್ದ ದಿನ ಗೆರೆಯನ್ನು ಓದಲೇಬೇಕು. ಊಹಿಸಿ ಬರೆಯಲು ಮನಸ್ಸೊಪ್ಪದೆ ಖಾಲಿ ಬಿಟ್ಟಿದ್ದಳು. ಕಣ್ಣಿನಲ್ಲಿ ಪೊರೆ ಬೆಳೆದು ವರ್ಷವಾಗುತ್ತ ಬಂದಿತ್ತು. ಆಸ್ಪತ್ರೆ, ಓಡಾಟ, ಊರಿನಿಂದ ಯಾರಾದರೊಬ್ಬರು ಬಂದಿರಬೇಕೆಂಬ ತೊಂದರೆ, ಇವನ್ನೆಲ್ಲ ನೆನೆದು ಬಾಯಿಬಿಟ್ಟಿರಲಿಲ್ಲ. ಬಾಯಿಬಿಡದಿದ್ದರೂ ಸುಳ್ಳನ್ನೂ ಬರೆದಿರಲಿಲ್ಲ. ದಿನದಿನವೂ ತನ್ನ ಅಪವಾದವನ್ನು ಪ್ರಾಮಾಣಿಕವಾಗಿ ಕಳಿಸುತ್ತಲೇ ಇದ್ದಳು. ಅದನ್ನು ಸೊನ್ನೆಯಾಗಿ ಮಾಡಿದ್ದು ಯಂತ್ರ.

ಆಕೆಯ ಮೌನ ಇಷ್ಟು ದಿನ ಯಾರ ಗಮನಕ್ಕೂ ಬಾರದಿದ್ದುದಕ್ಕೆ ಕಾರಣ ಯಂತ್ರವೊಂದೇ ಅಲ್ಲ. ಮಳೆ ಬಂದರೆ ಎಲ್ಲೋ ಒಂದು ಕಡೆ ಸಂಪರ್ಕ ಕಡಿಯುವುದು ಎಲ್ಲರೂ ನಿರೀಕ್ಷಿಸಿದ ಸಂಗತಿ. ಕಟ್ಟಿನಲ್ಲಿ ಶಿಗ್ಗಾವಿಯದೋ ಸವಣೂರಿನದೋ ದೂರು ಕಂಡೊಡನೆ "ಹ್ಞಾ, ಎಂದಿನಂತೆ" ಎಂದು ಮನೆಯವರು ಹಾಳೆಯನ್ನು ಮಡಿಸಿಡುತ್ತಿದ್ದರು. ನಿರೀಕ್ಷಿಸಿದ ತೊಂದರೆ ಬಂದ ದಿನವೇ ನಿರೀಕ್ಷಿಸದ ತೊಂದರೆ ಸುಲಭವಾಗಿ ಮರೆಯಾಗುತ್ತದೆ. ಮದುವೆಮನೆಯಲ್ಲಿ ಬೀಗರ ಮುನಿಸನ್ನು ಸಮಾಧಾನಪಡಿಸುವ ಗದ್ದಲದಲ್ಲಿ, ಬೆಳಗಿನಿಂದ ಏನನ್ನೂ ತಿನ್ನದೆ ಮೂಲೆಯಲ್ಲಿ ಕುಳಿತ ಅಜ್ಜಿಯನ್ನು ಯಾರೂ ಕಾಣದಿರುವುದು ಇದೇ ಬಗೆಯದು.

"ಏನಾದರೂ ಒಂದು ಆಗಿಯೇ ಆಗುತ್ತದೆ" ಎನ್ನುವವರನ್ನು ಲೋಕ ಮುಂದಾಲೋಚನೆಯುಳ್ಳವರೆಂದು ಗೌರವಿಸುತ್ತದೆ. ವಾಸ್ತವವಾಗಿ ಅವರು ಯಾವುದನ್ನೂ ನಿರೀಕ್ಷಿಸಿಲ್ಲ. ಏನೇ ಆದರೂ ತಮ್ಮ ಮಾತು ನಿಜವಾಗುವಂತೆ ನೋಡಿಕೊಂಡಿದ್ದಾರೆ, ಅಷ್ಟೆ. ಇಂಥ ತೊಂದರೆ, ಇಷ್ಟು, ಇಂಥ ಕಡೆಯಿಂದ ಬಂದೀತು ಎಂದು ಹೆಸರಿಟ್ಟು ಎಣಿಸಿಟ್ಟುಕೊಂಡವನಿಗೆ ಮಾತ್ರ, ಎಣಿಕೆ ತಪ್ಪಿದ ದಿನ ಎಚ್ಚರವಾಗುತ್ತದೆ. ಬಿಗಿಯಾದ ನಿರೀಕ್ಷೆಯಿಂದ ತೊಂದರೆ ತಪ್ಪುವುದಿಲ್ಲವಾದರೂ, ಹೊಸ ತೊಂದರೆ ಹಳೆಯದರ ಕಟ್ಟಿನೊಳಗೆ ಅಡಗಿಕೊಂಡು ಬರುವುದು ತಪ್ಪುತ್ತದೆ.

ಹಾಗೆಂದು ಬಿಗಿತನಕ್ಕೂ ಮಿತಿಯುಂಟು. ಅಪವಾದದ ವಾಕ್ಯದಲ್ಲಿ ಒಂದೊಂದು ಅಕ್ಷರವೂ ಹೀಗೆಯೇ ಇರಬೇಕೆಂದು ಹಟ ಹಿಡಿಯುವ ಪರೀಕ್ಷೆ, ಯಾರೋ ಒಂದು ಅಲ್ಪವಿರಾಮವನ್ನು ಸರಿಪಡಿಸಿದರೂ ಬೊಬ್ಬೆಯಿಡುತ್ತದೆ. ದಿನವೂ ಬೊಬ್ಬೆಯಿಡುವ ಪರೀಕ್ಷೆಯನ್ನು ಕೊನೆಗೆ ಯಾರೂ ಲೆಕ್ಕಿಸುವುದಿಲ್ಲ. ಜಾತಿಯನ್ನು ಕೇಳಬೇಕು, ಸಂಖ್ಯೆಯನ್ನು ಕೇಳಬೇಕು, ಯಾವ ಊರಿನದೆಂದು ಕೇಳಬೇಕು. ದೂರು ಹೇಳುವವನ ದನಿ ಏಕೆ ನಡುಗಿತೆಂದು ಕೇಳಬಾರದು. ಇದು ಯಂತ್ರಕ್ಕೆ ಎಷ್ಟು ಸಲ್ಲುವುದೋ ಮನೆಯ ಯಜಮಾನಿಕೆಗೂ ಅಷ್ಟೇ ಸಲ್ಲುವ ಮಾತು.

ದಸರೆಗೆ ಮೊದಲೇ ಅತ್ತೆಯ ಕಣ್ಣಿನ ಪೊರೆಯನ್ನು ತೆಗೆಸಿದರು. ಸವಣೂರಿನ ಮಗಳು ಹದಿನೈದು ದಿನ ಹಿರೇಕೆರೂರಿನಲ್ಲಿ ನಿಂತು ಕಣ್ಣಿಗೆ ಔಷಧಿ ಹಾಕಿದಳು. ಆ ಹದಿನೈದು ದಿನ ಆಕೆಯ ಸ್ವಂತ ಮನೆಯ ಮಾಪಕವನ್ನು ಓದುವವರಿಲ್ಲದೆ ಹೋಗಿ, ಹಾಳೆಯಲ್ಲಿ ಸವಣೂರಿನ ಅಪವಾದ ದಿನವೂ ತಪ್ಪದೆ ಕಾಣಿಸಿಕೊಂಡಿತು. ಅದನ್ನು ನಿರೀಕ್ಷಿಸಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಎಣಿಸಿಟ್ಟಿದ್ದರಿಂದ ಯಾರೂ ಮರೆಯಲೂ ಇಲ್ಲ. ಮಳೆಗಾಲ ಹಿಂದೆ ಸರಿದ ಮೇಲೆ ಅತ್ತೆಯ ಹೆಸರಿನ ಮುಂದೆ ಮತ್ತೆ ಸಾಲುಸಾಲಾಗಿ ಸೊನ್ನೆಗಳು ಬಂದು ನಿಂತವು. ಅವನ್ನು ಆಕೆಯೇ ಪಾತ್ರೆ ನೋಡಿ ಬರೆದಿದ್ದಳು.